ಲ್ಯಾಪ್‌ಟಾಪ್ ವಿಮರ್ಶೆ: ಅಳತೆಗೊಂದು ನಂಬಿಕೆ, ತೀರ್ಪಿಗೊಂದು ಎಚ್ಚರ

ಹೊಸ ಲ್ಯಾಪ್‌ಟಾಪ್ ಕೊಳ್ಳುವ ಮುನ್ನ ವೃತ್ತಿಪರ ವಿಮರ್ಶೆಗಳನ್ನು ನಂಬಬಹುದೇ ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ವಿಮರ್ಶಕರ ಪ್ರಾಮಾಣಿಕತೆಯ ಪ್ರಶ್ನೆಯಾಗಿಯೇ ಕೇಳಲಾಗುತ್ತದೆ. ಅವರು ತಯಾರಕರಿಂದ ಹಣ ಪಡೆದಿದ್ದಾರೆಯೇ ಇಲ್ಲವೇ ಎಂಬುದು ಗೊತ್ತಾದರೆ ಉತ್ತರವೂ ಸಿಕ್ಕಿತೆಂದು ಭಾವಿಸಲಾಗುತ್ತದೆ. ಆದರೆ ಯಾರ ಹಂಗೂ ಇಲ್ಲದ, ಎಲ್ಲ ಪರೀಕ್ಷೆಗಳನ್ನೂ ಕ್ರಮಬದ್ಧವಾಗಿ ನಡೆಸಿದ ವಿಮರ್ಶೆಯೊಂದನ್ನು ಓದಿಯೂ ಗ್ರಾಹಕರು ತಮಗೆ ಒಗ್ಗದ ಯಂತ್ರವನ್ನು ಮನೆಗೆ ತರುವುದು ಸಾಧ್ಯ, ಏಕೆಂದರೆ ವಿಮರ್ಶಕರು ಪರೀಕ್ಷಿಸಿದ ಯಂತ್ರ, ಪರೀಕ್ಷೆ ನಡೆದ ಪರಿಸರ ಮತ್ತು ಅದಕ್ಕೆ ದೊರೆತ ಕಾಲಾವಕಾಶ, ಈ ಮೂರೂ ಗ್ರಾಹಕರ ಪಾಲಿಗೆ ಬರುವುದಕ್ಕಿಂತ ಬಹುಮಟ್ಟಿಗೆ ಬೇರೆಯಾಗಿರುತ್ತವೆ. ಹೀಗಾಗಿ ವಿಮರ್ಶೆಯನ್ನು ಇಡಿಯಾಗಿ ನಂಬಬೇಕೇ ಬಿಡಬೇಕೇ ಎಂದು ಕೇಳುವುದಕ್ಕಿಂತ, ಅದರ ಯಾವ ಮಾತನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಇಲ್ಲಿ ವೃತ್ತಿಪರ ವಿಮರ್ಶೆ ಎಂದರೆ ಯಂತ್ರವನ್ನು ಕೆಲವು ದಿನ ಬಳಸಿ, ನಿಗದಿತ ಪರೀಕ್ಷೆಗಳಿಗೆ ಒಡ್ಡಿ, ಫಲಿತಾಂಶವನ್ನು ಪ್ರಕಟಿಸುವುದನ್ನೇ ಕಸುಬಾಗಿಸಿಕೊಂಡ ಪತ್ರಿಕೆ, ಜಾಲತಾಣ ಅಥವಾ ಯೂಟ್ಯೂಬ್ ವಾಹಿನಿಯ ವರದಿ. ಇಂಥ ವರದಿಯೊಳಗೆ ಮೂರು ಬಗೆಯ ಮಾತುಗಳು ಬೆರೆತಿರುತ್ತವೆ. ಪರದೆಯ ಹೊಳಪು ಇಷ್ಟು ನಿಟ್ಸ್ ಇದೆ ಎಂಬುದು ಅಳತೆ, ನಿಟ್ಸ್ ಎಂಬುದು ಹೊಳಪನ್ನು ಅಳೆಯುವ ಮಾನ. ಕೀಬೋರ್ಡ್ ಬೆರಳಿಗೆ ಹಿತವಾಗಿದೆ ಎಂಬುದು ಅಭಿಪ್ರಾಯ. ಇದು ಐದು ವರ್ಷ ನಿಶ್ಚಿಂತೆಯಿಂದ ಬಾಳಿಕೆ ಬರುವ ಯಂತ್ರ ಎಂಬುದು ಊಹೆ. ಇವುಗಳಲ್ಲಿ ಅಳತೆ ಅತ್ಯಂತ ವಿಶ್ವಾಸಾರ್ಹವಾದುದು, ಏಕೆಂದರೆ ಬೇರೆಯವರು ಅದನ್ನು ಮತ್ತೆ ಅಳೆದು ತಪ್ಪು ತೋರಿಸಬಲ್ಲರು. ಊಹೆ ಅತ್ಯಂತ ದುರ್ಬಲವಾದುದು, ಆದರೂ ವಿಮರ್ಶೆಯ ಕೊನೆಯ ಪ್ಯಾರಾದಲ್ಲಿ ಅತ್ಯಂತ ಗಟ್ಟಿಯಾದ ದನಿಯಲ್ಲಿ ಕೇಳಿಬರುವುದು ಸಾಮಾನ್ಯವಾಗಿ ಅದೇ.

ಅಳತೆಯಾದರೂ ಯಾವ ಯಂತ್ರದ್ದು ಎಂಬುದು ಮೊದಲು ತೀರ್ಮಾನವಾಗಬೇಕು. ಲ್ಯಾಪ್‌ಟಾಪ್‌ಗಳ ವಿಷಯದಲ್ಲಿ ಪೆಟ್ಟಿಗೆಯ ಮೇಲಿನ ಹೆಸರು ಒಂದು ಯಂತ್ರದ ಹೆಸರಲ್ಲ, ಒಂದು ಕುಟುಂಬದ ಹೆಸರು. ಐಡಿಯಾಪ್ಯಾಡ್, ವಿವೋಬುಕ್ ಮುಂತಾದ ಒಂದೊಂದು ಹೆಸರಿನ ಅಡಿಯಲ್ಲೂ ಪ್ರೊಸೆಸರ್, ಮೆಮೊರಿ, ಪರದೆ, ಬ್ಯಾಟರಿ ಎಲ್ಲವೂ ಬೇರೆಬೇರೆಯಾದ ಹತ್ತಾರು ಮಾದರಿಗಳು ಮಾರಾಟವಾಗುತ್ತವೆ, ಮತ್ತು ಅಮೆರಿಕದಲ್ಲಿ ಅಥವಾ ಯುರೋಪಿನಲ್ಲಿ ಸಿಗುವ ಮಾದರಿ ಭಾರತಕ್ಕೆ ಬರದೇ ಇರಬಹುದು. ವಿಮರ್ಶೆಗೆ ಕಳಿಸುವ ಪ್ರತಿಯನ್ನು ಆಯ್ಕೆ ಮಾಡುವುದು ಬಹುತೇಕ ತಯಾರಕರೇ ಆದ್ದರಿಂದ, ಕುಟುಂಬದ ಅತ್ಯುತ್ತಮ ಸದಸ್ಯನೇ ವಿಮರ್ಶಕರ ಮೇಜಿಗೆ ಹೋಗಿ, ಅಗ್ಗದ ಸದಸ್ಯನು ಗ್ರಾಹಕರ ಮನೆಗೆ ಬರುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಚೆನ್ನಾಗಿ ದಾಖಲಾದ ಉದಾಹರಣೆಯೊಂದು 2022ರಲ್ಲಿ ಬಂದ, ಆಪಲ್‌ನ ಎಂ2 ಪ್ರೊಸೆಸರ್ ಇದ್ದ ಮ್ಯಾಕ್‌ಬುಕ್‌ಗಳದು. ಹೆಚ್ಚಿನ ಸಂಗ್ರಹಣೆಯ ಪ್ರತಿಗಳನ್ನು ಪರೀಕ್ಷಿಸಿದ ವಿಮರ್ಶೆಗಳು ಅವುಗಳ ಎಸ್‌ಎಸ್‌ಡಿಯ, ಅಂದರೆ ಕಡತಗಳನ್ನು ಉಳಿಸಿಡುವ ಚಿಪ್‌ಗಳ ಘಟಕದ, ವೇಗವನ್ನು ಮೆಚ್ಚಿಕೊಂಡವು. ಆದರೆ ಅತ್ಯಂತ ಕಡಿಮೆ ಬೆಲೆಯ 256 ಜಿಬಿ ಪ್ರತಿಯನ್ನು ತಾವೇ ಕೊಂಡು ಬಿಚ್ಚಿ ನೋಡಿದವರಿಗೆ, ಹಿಂದಿನ ಎಂ1 ಮಾದರಿಯಲ್ಲಿ ಎರಡು ಚಿಪ್‌ಗಳಲ್ಲಿ ಹಂಚಿಕೊಂಡಿದ್ದ ಆ ಸಂಗ್ರಹಣೆ ಈಗ ಒಂದೇ ಚಿಪ್‌ನಲ್ಲಿರುವುದೂ, ಅದರಿಂದಾಗಿ ಓದುವ ವೇಗ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿರುವುದೂ ಕಂಡುಬಂತು. ಇಲ್ಲಿ ಯಾವ ವಿಮರ್ಶಕರೂ ಸುಳ್ಳು ಹೇಳಿರಲಿಲ್ಲ. ಅವರು ಅಳೆದದ್ದು ಒಂದು, ಹೆಚ್ಚಿನವರು ಕೊಳ್ಳಬಹುದಾಗಿದ್ದ ಅಗ್ಗದ ಮಾದರಿ ಇನ್ನೊಂದು.

ವಿಂಡೋಸ್ ಲ್ಯಾಪ್‌ಟಾಪ್‌ಗಳಲ್ಲಿ ಈ ವ್ಯತ್ಯಾಸ ಇನ್ನೂ ಸೂಕ್ಷ್ಮವಾಗಿ ಅಡಗಿರುತ್ತದೆ. ಪ್ರೊಸೆಸರ್ ಮತ್ತು ಮೆಮೊರಿಯ ನಡುವೆ ಮಾಹಿತಿ ಓಡಾಡುವ ದಾರಿಗೆ ಚಾನೆಲ್ ಎನ್ನುತ್ತಾರೆ; 16 ಜಿಬಿ ಮೆಮೊರಿ ಎರಡು 8 ಜಿಬಿ ಪಟ್ಟಿಗಳಾಗಿ ಎರಡು ಚಾನೆಲ್‌ಗಳಲ್ಲಿದ್ದರೆ ಯಂತ್ರ ವರ್ತಿಸುವ ರೀತಿಯೇ ಬೇರೆ, ಒಂದೇ ಪಟ್ಟಿಯಾಗಿ ಒಂದೇ ಚಾನೆಲ್‌ನಲ್ಲಿದ್ದರೆ ವರ್ತಿಸುವ ರೀತಿಯೇ ಬೇರೆ. ಪ್ರೊಸೆಸರ್‌ನ ಒಳಗೇ ಇರುವ ಗ್ರಾಫಿಕ್ಸ್ ಭಾಗಕ್ಕೆ ಸ್ವಂತ ಮೆಮೊರಿ ಇಲ್ಲದ ಕಾರಣ ಹೊಡೆತ ಹೆಚ್ಚಾಗಿ ಬೀಳುವುದು ಅದಕ್ಕೆ, ಎಷ್ಟರ ಮಟ್ಟಿಗೆಂದರೆ ಇಂಟೆಲ್‌ನ 11ನೇ ಮತ್ತು 12ನೇ ತಲೆಮಾರಿನ ಅನೇಕ ಪ್ರೊಸೆಸರ್‌ಗಳಲ್ಲಿ ಎರಡು ಚಾನೆಲ್ ಇದ್ದಾಗ ಐರಿಸ್ ಎಕ್ಸ್‌ಇ ಎಂದು ಕಾಣಿಸಿಕೊಳ್ಳುವ ಗ್ರಾಫಿಕ್ಸ್, ಒಂದೇ ಚಾನೆಲ್ ಇದ್ದಾಗ ಯುಎಚ್‌ಡಿ ಎಂಬ ಕೆಳದರ್ಜೆಯ ಹೆಸರಿನಲ್ಲಿ ಕಾಣಿಸಿಕೊಳ್ಳುತ್ತದೆ. ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲಿ ಇದೇ ಸಮಸ್ಯೆ ವಿದ್ಯುತ್ತಿನ ರೂಪದಲ್ಲಿ ಬರುತ್ತದೆ. ಎನ್‌ವಿಡಿಯಾದ ಆರ್‌ಟಿಎಕ್ಸ್ 4060 ಎಂಬ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗೆ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ವಿದ್ಯುತ್ ಮಿತಿ ಇಡಬಹುದಾಗಿದ್ದು, ಈ ಮಿತಿಗೆ ಟಿಜಿಪಿ ಎಂದು ಹೆಸರು. ಮಿತಿ 35 ವ್ಯಾಟ್ ಇರಲಿ 115 ವ್ಯಾಟ್ ಇರಲಿ, ಅಂಗಡಿಯ ಚೀಟಿಯಲ್ಲಿ ಇರುವುದು ಮಾತ್ರ ಒಂದೇ 4060.

ಹೆಸರುಗಳೂ ಈ ಗೊಂದಲಕ್ಕೆ ನೆರವಾಗುತ್ತವೆ. ಎಎಮ್‌ಡಿಯ ರೈಜೆನ್ 5 7520ಯು ಮತ್ತು ರೈಜೆನ್ 5 7530ಯು ಎಂಬ ಎರಡು ಪ್ರೊಸೆಸರ್‌ಗಳ ನಡುವೆ ಹೆಸರಿನಲ್ಲಿ ಒಂದು ಅಂಕಿಯ ವ್ಯತ್ಯಾಸವಿದೆ, ಆದರೆ ಮೊದಲನೆಯದರಲ್ಲಿ ಝೆನ್ 2 ಎಂಬ ಹಳೆಯ ವಿನ್ಯಾಸದ ನಾಲ್ಕು ಕೋರ್‌ಗಳೂ ಎರಡನೆಯದರಲ್ಲಿ ಝೆನ್ 3 ವಿನ್ಯಾಸದ ಆರು ಕೋರ್‌ಗಳೂ ಇವೆ. ಕೋರ್ ಎಂದರೆ ಪ್ರೊಸೆಸರ್‌ನೊಳಗೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಘಟಕ. ಇಂಥ ಹೆಸರಿಡುವಿಕೆ ಗ್ರಾಹಕರ ಅನುಕೂಲಕ್ಕಾಗಿ ಹುಟ್ಟಿದ್ದೆಂದು ನಂಬುವುದು ಕಷ್ಟ. ಪರದೆಗಳ ಕಥೆಯೂ ಹೀಗೆಯೇ: ವಿಮರ್ಶೆಗೆ ಬಂದ ಪ್ರತಿಯಲ್ಲಿ ಎಸ್‌ಆರ್‌ಜಿಬಿ ಎಂಬ ಪ್ರಮಾಣಿತ ಬಣ್ಣದ ವ್ಯಾಪ್ತಿಯನ್ನು ಪೂರ್ತಿಯಾಗಿ ತೋರಿಸುವ ಪರದೆ ಇದ್ದು, ಅಂಗಡಿಗೆ ಬಂದ ಪ್ರತಿಯಲ್ಲಿ ಶೇಕಡಾ 45 ಎನ್‌ಟಿಎಸ್‌ಸಿ ಎಂದು ಚಿಕ್ಕ ಅಕ್ಷರದಲ್ಲಿ ಬರೆದ, ಆ ವ್ಯಾಪ್ತಿಯ ಸುಮಾರು ಮೂರನೇ ಎರಡರಷ್ಟನ್ನು ಮಾತ್ರ ತೋರಿಸುವ ಮಂಕು ಪರದೆ ಇರಬಹುದು. ಫೋಟೊ, ವಿನ್ಯಾಸ, ವಿಡಿಯೊ ಸಂಕಲನದ ಕೆಲಸ ಮಾಡುವವರಿಗೆ ಈ ಒಂದು ವ್ಯತ್ಯಾಸವೇ ಇಡೀ ವಿಮರ್ಶೆಯನ್ನು ನಿರುಪಯೋಗಿಯಾಗಿಸಬಲ್ಲದು.

ಆದ್ದರಿಂದ ವಿಮರ್ಶೆಯನ್ನು ಓದುವ ಮೊದಲ ಕೆಲಸ ಅದರ ಅಂಕವನ್ನು ನೋಡುವುದಲ್ಲ, ಅದರಲ್ಲಿ ಪರೀಕ್ಷಿಸಿದ ಪ್ರತಿಯ ಪೂರ್ಣ ವಿವರವಿದೆಯೇ ಎಂದು ನೋಡುವುದು. ಜರ್ಮನ್ ಮತ್ತು ಇಂಗ್ಲಿಷ್‌ಗಳಲ್ಲಿ ಪ್ರಕಟವಾಗುವ ನೋಟ್‌ಬುಕ್‌ಚೆಕ್‌ನಂಥ ತಾಣಗಳು ಪ್ರೊಸೆಸರ್, ಮೆಮೊರಿಯ ಚಾನೆಲ್, ಪರದೆಯ ಬಿಡಿಭಾಗದ ಸಂಖ್ಯೆ, ಎಸ್‌ಎಸ್‌ಡಿಯ ಹೆಸರು ಇವೆಲ್ಲವನ್ನೂ ಪಟ್ಟಿಮಾಡುತ್ತವೆ. ಈ ಪಟ್ಟಿ ಇಲ್ಲದ ವಿಮರ್ಶೆ ಎಷ್ಟೇ ಸೊಗಸಾಗಿದ್ದರೂ ಅದು ಕುಟುಂಬದ ಬಗೆಗಿನ ಹರಟೆಯೇ ಹೊರತು ಯಂತ್ರದ ಪರೀಕ್ಷೆಯಲ್ಲ. ಗ್ರಾಹಕರ ಕಡೆಯಿಂದ ಇದಕ್ಕೆ ಜೋಡಿಯಾಗಿ ಬೇಕಾದುದು ತಾವು ಕೊಳ್ಳಲಿರುವ ಪ್ರತಿಯ ಪೂರ್ಣ ಮಾದರಿ ಸಂಕೇತ, ಅಂದರೆ ಪೆಟ್ಟಿಗೆಯ ಮೇಲೂ ಯಂತ್ರದ ಅಡಿಯಲ್ಲೂ ಅಚ್ಚಾಗಿರುವ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಾಲು. ಲೆನೊವೊ ಕಂಪನಿ ಪಿಎಸ್‌ಆರ್‌ಇಎಫ್ ಎಂಬ ತನ್ನ ತಾಣದಲ್ಲಿ ಒಂದೊಂದು ಸಂಕೇತಕ್ಕೂ ಪರದೆ, ಮೆಮೊರಿ, ಬ್ಯಾಟರಿಗಳ ವಿವರವನ್ನು ಪ್ರಕಟಿಸುತ್ತದೆ, ಉಳಿದ ತಯಾರಕರ ಬೆಂಬಲ ಪುಟಗಳಲ್ಲೂ ಹೆಚ್ಚು ಕಡಿಮೆ ಇಂಥ ಮಾಹಿತಿ ಸಿಗುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯಲ್ಲಾಗಲಿ ಹಬ್ಬದ ಆನ್‌ಲೈನ್ ಮಾರಾಟದಲ್ಲಾಗಲಿ, ಈ ಸಂಕೇತವನ್ನು ಹೇಳದ ರಿಯಾಯಿತಿ ಬೆಲೆಯನ್ನು ವಿಮರ್ಶೆಯ ಯಂತ್ರದ ಬೆಲೆಯೊಂದಿಗೆ ಹೋಲಿಸುವುದರಲ್ಲಿ ಅರ್ಥವಿಲ್ಲ.

ಯಂತ್ರ ಒಂದೇ ಎಂದು ಖಚಿತವಾದ ಮೇಲೂ ಅಳತೆಯ ಪರಿಸರವನ್ನು ಗಮನಿಸಬೇಕಾಗುತ್ತದೆ, ಮತ್ತು ಕರ್ನಾಟಕದ ಓದುಗರಿಗೆ ಇಲ್ಲಿ ವಿಶೇಷ ಕಾರಣವಿದೆ. ಲ್ಯಾಪ್‌ಟಾಪ್ ತನ್ನ ಶಾಖವನ್ನು ಸುತ್ತಲಿನ ಗಾಳಿಗೆ ಬಿಡುವುದರಿಂದ, ಚಿಪ್ ಮತ್ತು ಗಾಳಿಯ ಉಷ್ಣತೆಗಳ ನಡುವಣ ಅಂತರ ಕಡಿಮೆಯಾದಷ್ಟೂ ಹೊರಹಾಕಬಲ್ಲ ಶಾಖವೂ ಕಡಿಮೆಯಾಗುತ್ತದೆ. ಪ್ರೊಸೆಸರ್‌ನ ಗರಿಷ್ಠ ಮಿತಿ 100 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ, 22 ಡಿಗ್ರಿಯ ಹವಾನಿಯಂತ್ರಿತ ಕೋಣೆಯಲ್ಲಿ ಆ ಅಂತರ 78 ಡಿಗ್ರಿ, ಬೇಸಿಗೆಯ ಕಲಬುರಗಿ ಅಥವಾ ರಾಯಚೂರಿನ 38 ಡಿಗ್ರಿಯ ಕೋಣೆಯಲ್ಲಿ 62 ಡಿಗ್ರಿ. ಸರಳ ಲೆಕ್ಕದಲ್ಲಿ ತಂಪುಮಾಡುವ ಸಾಮರ್ಥ್ಯದ ಐದನೇ ಒಂದು ಪಾಲು ಅಲ್ಲಿಯೇ ಹೋಯಿತು. ಪರಿಣಾಮವಾಗಿ ಫ್ಯಾನ್ ಹೆಚ್ಚು ಸದ್ದು ಮಾಡುತ್ತದೆ, ಇಲ್ಲವೇ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಈ ತಗ್ಗಿಸುವಿಕೆಗೆ ಥ್ರಾಟ್ಲಿಂಗ್ ಎಂದು ಹೆಸರು. ತಂಪು ಕೋಣೆಯಲ್ಲೇ ಮಿತಿಯ ಅಂಚಿಗೆ ತಲುಪಿದ ಯಂತ್ರವೆಂದು ವಿಮರ್ಶೆಯ ಕೋಷ್ಟಕ ತೋರಿಸುತ್ತಿದ್ದರೆ, ಬಯಲುಸೀಮೆಯ ಏಪ್ರಿಲ್‌ನಲ್ಲಿ ಅದರಿಂದ ಅದೇ ವೇಗವನ್ನು ನಿರೀಕ್ಷಿಸುವಂತಿಲ್ಲ.

ವೇಗದ ಅಳತೆಗಳಲ್ಲಿ ಮತ್ತೊಂದು ಭೇದವನ್ನು ಗುರುತಿಸಬೇಕು. ಈಚಿನ ಪ್ರೊಸೆಸರ್‌ಗಳು ಕೆಲವು ಕ್ಷಣಗಳ ಮಟ್ಟಿಗೆ ಬಹಳ ಹೆಚ್ಚು ವಿದ್ಯುತ್ ಎಳೆದು ನಂತರ ಕೆಳಗಿಳಿಯುವಂತೆ ರೂಪಿತವಾಗಿವೆ. ಇಂಟೆಲ್‌ನ ಕೋರ್ ಐ5 1235ಯು ಪ್ರೊಸೆಸರ್‌ನ ಮೂಲ ವಿದ್ಯುತ್ 15 ವ್ಯಾಟ್ ಆದರೆ ಗರಿಷ್ಠ 55 ವ್ಯಾಟ್. ಒಮ್ಮೆ ಮಾತ್ರ ನಡೆಸಿದ ಚಿಕ್ಕ ಪರೀಕ್ಷೆ ಆ ಮೊದಲ ಓಟವನ್ನಷ್ಟೇ ಅಳೆಯುತ್ತದೆ, ಆದ್ದರಿಂದ ಸಿನೆಬೆಂಚ್‌ನಂಥ ಪರೀಕ್ಷೆಯನ್ನು ಸತತವಾಗಿ ಹತ್ತಾರು ನಿಮಿಷ ನಡೆಸಿ ವೇಗ ಎಲ್ಲಿ ನೆಲೆಗೊಳ್ಳುತ್ತದೆಂದು ತೋರಿಸುವ ವಿಮರ್ಶೆಗೆ ಹೆಚ್ಚಿನ ಬೆಲೆ ಕೊಡಬೇಕು. ಬ್ಯಾಟರಿಯ ವಿಷಯದಲ್ಲಿ ಗಂಟೆಗಳ ಸಂಖ್ಯೆಗಿಂತ ಅದು ಹೇಗೆ ಬಂತೆಂಬುದು ಮುಖ್ಯ: ಹೊಳಪು ತಗ್ಗಿಸಿ ಉಳಿಸಿಟ್ಟ ವಿಡಿಯೊ ಒಂದನ್ನು ಮತ್ತೆ ಮತ್ತೆ ಓಡಿಸುವುದು ಯಂತ್ರಕ್ಕೆ ಅತ್ಯಂತ ಹಗುರವಾದ ಕೆಲಸ, ವೈಫೈ ಮೂಲಕ ಜಾಲತಾಣಗಳನ್ನು ತೆರೆಯುತ್ತ ಹೋಗುವ ಪರೀಕ್ಷೆ ನಿತ್ಯಬಳಕೆಗೆ ಹೆಚ್ಚು ಹತ್ತಿರ. ಬ್ಯಾಟರಿಯ ಸಾಮರ್ಥ್ಯವನ್ನು ವ್ಯಾಟ್-ಅವರ್‌ಗಳಲ್ಲಿ ಹೇಳುತ್ತಾರೆ; 42 ವ್ಯಾಟ್-ಅವರ್‌ನ ಬ್ಯಾಟರಿ ಸರಾಸರಿ 7 ವ್ಯಾಟ್ ಬಳಸುವ ಯಂತ್ರಕ್ಕೆ ಆರು ಗಂಟೆ ಬಂದರೆ, ವಿಡಿಯೊ ಸಭೆಯಲ್ಲಿ 12 ವ್ಯಾಟ್ ಬಳಸುವಾಗ ಮೂರೂವರೆ ಗಂಟೆಗೆ ಮುಗಿಯುತ್ತದೆ.

ವಿಮರ್ಶೆಯ ಅತ್ಯಂತ ದೊಡ್ಡ ಕುರುಡುತನ ಕಾಲದ್ದು. ಒಂದೆರಡು ವಾರ ಬಳಸಿದವರು ಎರಡನೆಯ ವರ್ಷದ ಬಗ್ಗೆ ಏನನ್ನೂ ಹೇಳಲಾರರು, ಮತ್ತು ಇದಕ್ಕೆ ಆಪಲ್‌ನ ಬಟರ್‌ಫ್ಲೈ ಕೀಬೋರ್ಡ್‌ಗಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಕೀಲಿಯ ಅಡಿಯ ಯಾಂತ್ರಿಕ ಭಾಗವನ್ನು ಬಹಳ ತೆಳುವಾಗಿಸಿದ ಈ ವಿನ್ಯಾಸ 2015ರ 12 ಇಂಚಿನ ಮ್ಯಾಕ್‌ಬುಕ್‌ನೊಂದಿಗೆ ಬಂದು ಮರುವರ್ಷ ಮ್ಯಾಕ್‌ಬುಕ್ ಪ್ರೊ ಯಂತ್ರಗಳಿಗೂ ಹರಡಿತು. ಆಗಿನ ವಿಮರ್ಶೆಗಳು ಕೀಲಿಗಳು ಹೆಚ್ಚು ಕೆಳಗಿಳಿಯುವುದಿಲ್ಲ, ಸದ್ದು ಹೆಚ್ಚು ಎಂದು ಚರ್ಚಿಸಿದವು, ಆದರೆ ಸಣ್ಣ ಧೂಳಿನ ಕಣ ಸೇರಿದರೆ ಕೀಲಿ ಕೆಲಸ ನಿಲ್ಲಿಸುತ್ತದೆ ಅಥವಾ ಒಂದೇ ಅಕ್ಷರವನ್ನು ಎರಡು ಬಾರಿ ಮೂಡಿಸುತ್ತದೆ ಎಂಬುದು ತಿಂಗಳುಗಳ ಬಳಕೆಯ ನಂತರವೇ ಬೆಳಕಿಗೆ ಬಂತು. 2018ರ ಜೂನ್‌ನಲ್ಲಿ ಕಂಪನಿ ಉಚಿತ ದುರಸ್ತಿಯ ಯೋಜನೆ ಪ್ರಕಟಿಸಿತು. 2019ರ ಮಾರ್ಚ್‌ನಲ್ಲಿ ವಾಲ್ ಸ್ಟ್ರೀಟ್ ಜರ್ನಲ್‌ನ ಅಂಕಣಕಾರ್ತಿ ಜೊವಾನಾ ಸ್ಟರ್ನ್ ಕೀಲಿಗಳು ಕೈಕೊಟ್ಟ ಅಕ್ಷರಗಳನ್ನು ಬಿಟ್ಟೇ ಒಂದು ಅಂಕಣ ಪ್ರಕಟಿಸಿದರು. ಅದೇ ವರ್ಷದ ನವೆಂಬರ್‌ನಲ್ಲಿ 16 ಇಂಚಿನ ಮಾದರಿಯೊಂದಿಗೆ ಹಳೆಯ ಬಗೆಯ ಕೀಬೋರ್ಡ್ ಮರಳಿತು. 2022ರಲ್ಲಿ ಅಮೆರಿಕದ ಗ್ರಾಹಕರ ದಾವೆಯೊಂದರಲ್ಲಿ 5 ಕೋಟಿ ಡಾಲರ್‌ಗಳ ರಾಜಿಗೆ ಕಂಪನಿ ಒಪ್ಪಿತು. ಧೂಳಿಗೆ ಬರವಿಲ್ಲದ ಊರುಗಳಲ್ಲಿ ಆ ಯಂತ್ರಗಳನ್ನು ಕೊಂಡವರಿಗೆ 2016ರ ಯಾವ ವಿಮರ್ಶೆಯೂ ಎಚ್ಚರಿಕೆ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಈ ಕೊರತೆಯನ್ನು ತುಂಬುವ ಸಾಮಗ್ರಿ ಬಳಕೆದಾರರ ದೂರುಗಳಲ್ಲಿದೆ. ಮಾರಾಟ ತಾಣಗಳ ಸರಾಸರಿ ನಕ್ಷತ್ರಗಳನ್ನು ಬದಿಗಿಟ್ಟು, ಆರು ತಿಂಗಳು ಅಥವಾ ಒಂದು ವರ್ಷದ ನಂತರ ಬರೆದ ಕಡಿಮೆ ಅಂಕದ ಅಭಿಪ್ರಾಯಗಳನ್ನಷ್ಟೇ ಓದಿದರೆ, ಒಂದೇ ದೋಷ, ಉದಾಹರಣೆಗೆ ಪರದೆಯ ಕೀಲು ಮುರಿಯುವುದು ಅಥವಾ ಚಾರ್ಜಿಂಗ್ ಪೋರ್ಟ್ ಸಡಿಲವಾಗುವುದು, ಪರಸ್ಪರ ಸಂಬಂಧವಿಲ್ಲದ ಹಲವರಿಂದ ಮರುಕಳಿಸುತ್ತಿದೆಯೇ ಎಂಬುದು ತಿಳಿಯುತ್ತದೆ. ಕೊಂಡ ಮರುದಿನ ಬರೆದ ಐದು ನಕ್ಷತ್ರದ ಹೊಗಳಿಕೆ ಪಾರ್ಸೆಲ್ ಸರಿಯಾಗಿ ತಲುಪಿತು ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳುವುದಿಲ್ಲ. ಹಣ ಕೊಟ್ಟು ಬರೆಸಿದ ಅಭಿಪ್ರಾಯಗಳ ಹಾವಳಿಯನ್ನು ತಡೆಯಲೆಂದು ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನಕವನ್ನು ಹೊರತಂದಿತಾದರೂ ಅದನ್ನು ಜಾರಿಗೆ ತಂದಾಗ ಪಾಲನೆಯನ್ನು ತಾಣಗಳ ಇಚ್ಛೆಗೇ ಬಿಡಲಾಗಿತ್ತು.

ಇನ್ನು ಹಣದ ಪ್ರಶ್ನೆ. ವಿಮರ್ಶೆಯ ಪ್ರತಿಗಳನ್ನು ಬಹುತೇಕ ತಯಾರಕರೇ ಕೆಲ ಕಾಲಕ್ಕೆ ಎರವಲು ಕೊಡುತ್ತಾರೆ, ಜೊತೆಗೆ ಇಂಥ ದಿನ ಇಂಥ ಗಂಟೆಗೆ ಮೊದಲು ಪ್ರಕಟಿಸಬಾರದೆಂಬ ಎಂಬಾರ್ಗೊ, ಅಂದರೆ ಪ್ರಕಟಣೆಯ ತಡೆ ಇರುತ್ತದೆ. ಇದು ಲಂಚವಲ್ಲ, ಆದರೆ ಮುಂದಿನ ಪ್ರತಿ ಸಿಗದಿದ್ದರೆ ಮೊದಲ ದಿನದ ಓದುಗರನ್ನು ಕಳೆದುಕೊಳ್ಳಬೇಕಾಗುತ್ತದೆಂಬ ಅಳುಕು ಬರೆಯುವವರ ಮನಸ್ಸಿನಲ್ಲಿ ಇಲ್ಲದಿರುವುದಿಲ್ಲ. 2020ರ ಡಿಸೆಂಬರ್‌ನಲ್ಲಿ ಎನ್‌ವಿಡಿಯಾ ಕಂಪನಿ, ಬೆಳಕಿನ ಹಾದಿಯನ್ನು ಲೆಕ್ಕಹಾಕಿ ದೃಶ್ಯ ಮೂಡಿಸುವ ತನ್ನ ರೇ ಟ್ರೇಸಿಂಗ್ ಸೌಲಭ್ಯಕ್ಕೆ ಸಾಕಷ್ಟು ಮಹತ್ವ ಕೊಡುತ್ತಿಲ್ಲವೆಂಬ ಕಾರಣಕ್ಕೆ ಆಸ್ಟ್ರೇಲಿಯಾದ ಹಾರ್ಡ್‌ವೇರ್ ಅನ್‌ಬಾಕ್ಸ್‌ಡ್ ಎಂಬ ಯೂಟ್ಯೂಬ್ ವಾಹಿನಿಗೆ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಕಳಿಸುವುದನ್ನು ನಿಲ್ಲಿಸುವುದಾಗಿ ಬರೆದು, ಸಾರ್ವಜನಿಕ ಟೀಕೆ ಎದ್ದ ಕೆಲವೇ ದಿನಗಳಲ್ಲಿ ನಿರ್ಧಾರವನ್ನು ಹಿಂತೆಗೆದುಕೊಂಡದ್ದು ಈ ಅಳುಕಿಗೆ ಆಧಾರವಿದೆ ಎಂಬುದನ್ನು ತೋರಿಸಿತು. ಇನ್ನೊಂದು ಆದಾಯಮೂಲ ಅಫಿಲಿಯೇಟ್ ಕೊಂಡಿ: ವಿಮರ್ಶೆಯಲ್ಲಿರುವ ಕೊಂಡಿಯ ಮೂಲಕ ಓದುಗರು ಕೊಂಡರೆ ಮಾರಾಟ ತಾಣದಿಂದ ಪ್ರಕಾಶಕರಿಗೆ ಕಮಿಷನ್ ಬರುತ್ತದೆ. ನ್ಯೂಯಾರ್ಕ್ ಟೈಮ್ಸ್ 2016ರಲ್ಲಿ ಕೊಂಡುಕೊಂಡ ವೈರ್‌ಕಟರ್ ಎಂಬ ವಿಮರ್ಶಾ ತಾಣ ಬೆಳೆದದ್ದೇ ಇಂಥ ಆದಾಯದ ಮೇಲೆ. ಈ ಪದ್ಧತಿ ಒಂದು ಕಂಪನಿಯ ಪರ ವಾಲಿಸುವುದಕ್ಕಿಂತ, ಏನನ್ನೂ ಕೊಳ್ಳಬೇಡಿ, ಹಳೆಯ ಯಂತ್ರಕ್ಕೆ ಮೆಮೊರಿ ಹೆಚ್ಚಿಸಿದರೆ ಸಾಕು ಎಂಬ ಸಲಹೆಯನ್ನು ವಿರಳವಾಗಿಸುತ್ತದೆ ಎನ್ನುವುದು ಹೆಚ್ಚು ಸರಿ. ಅಮೆರಿಕದಲ್ಲಿ 1936ರಲ್ಲಿ ಸ್ಥಾಪನೆಯಾದ ಕನ್ಸ್ಯೂಮರ್ ರಿಪೋರ್ಟ್ಸ್ ಮತ್ತು ಕೆನಡಾದ ಆರ್‌ಟಿಂಗ್ಸ್ ಎಂಬ ವಿಮರ್ಶಾ ಸಂಸ್ಥೆಗಳು ಪರೀಕ್ಷಾ ಪ್ರತಿಗಳನ್ನು ತಾವೇ ಅಂಗಡಿಯಿಂದ ಕೊಳ್ಳುತ್ತವೆ; ಇದು ದೊಡ್ಡ ಗುಣ, ಆದರೆ ಅವು ಕೊಳ್ಳುವ ಅಂಗಡಿ ಉತ್ತರ ಅಮೆರಿಕದ್ದು ಎಂಬುದನ್ನು ಮರೆಯುವಂತಿಲ್ಲ.

ಭಾರತದಲ್ಲಿ ಕಾನೂನಿನ ನೆರವು ಸ್ವಲ್ಪಮಟ್ಟಿಗಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಸಾಮಾಜಿಕ ಜಾಲತಾಣಗಳ ಪ್ರಭಾವಿಗಳಿಗಾಗಿ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಪ್ರಕಟಿಸಿದ ಮಾರ್ಗದರ್ಶಿಯ ಪ್ರಕಾರ ಹಣ, ಪ್ರವಾಸ, ಉಚಿತ ವಸ್ತು ಇವುಗಳಲ್ಲಿ ಯಾವುದನ್ನು ಪಡೆದಿದ್ದರೂ ಎದ್ದುಕಾಣುವಂತೆ ತಿಳಿಸಬೇಕು, ಪ್ರಚಾರ ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ಹತ್ತು ನಿಮಿಷ ಹೊಗಳಿ, ಪ್ರಾಯೋಜಿತ ಎಂಬುದನ್ನು ಮಾತ್ರ ಮೂಲೆಯಲ್ಲಿ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ ತೋರಿಸುವ ವಿಡಿಯೊ ಈ ಮಾರ್ಗದರ್ಶಿಗೆ ಹೊಂದುವುದಿಲ್ಲ.

ಅಭಿಪ್ರಾಯದ ಭಾಗವನ್ನು, ಅದರಲ್ಲೂ ಅಂಕಗಳನ್ನು, ಹಗುರವಾಗಿಯೇ ತೆಗೆದುಕೊಳ್ಳಬಹುದು. ಹೆಚ್ಚಿನ ಯಂತ್ರಗಳಿಗೆ ಒಳ್ಳೆಯ ಅಂಕವೇ ಸಿಗುವಾಗ ಅಂಕದಿಂದ ತಿಳಿಯುವುದು ಕಡಿಮೆ. ಕೊರತೆಗಳ ಪಟ್ಟಿ ಮಾತ್ರ ಬೆಲೆಯುಳ್ಳದ್ದು, ಅದರಲ್ಲೂ ಇಬ್ಬರು ವಿಮರ್ಶಕರು ಒಂದೇ ಕೊರತೆಯನ್ನು ಬೇರೆ ಬೇರೆಯಾಗಿ ಗುರುತಿಸಿದ್ದರೆ. ಕೀಬೋರ್ಡ್, ಟಚ್‌ಪ್ಯಾಡ್, ತೂಕ ಇವುಗಳ ಬಗ್ಗೆ ಅಂಗಡಿಯಲ್ಲಿ ಹತ್ತು ನಿಮಿಷ ಕಳೆಯುವುದು ಹತ್ತು ವಿಮರ್ಶೆಗಳಿಗೆ ಸಮ. ನುಡಿಯಂಥ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು ಮಾಡುವವರಿಗೆ ಮಹಾಪ್ರಾಣ ಅಕ್ಷರಗಳಿಗೆಲ್ಲ ಶಿಫ್ಟ್ ಕೀಲಿ ಬೇಕಾಗುವುದರಿಂದ, ಅದು ಕಿರಿದಾಗಿದ್ದರೆ ದಿನವಿಡೀ ತೊಡಕು. ಇಂಗ್ಲಿಷ್‌ನಲ್ಲಿ ಬೆರಳಚ್ಚಿಸಿ ಪರೀಕ್ಷಿಸುವ ಯಾವ ವಿಮರ್ಶಕರಿಗೂ ಇದು ಕಾಣುವುದಿಲ್ಲ. ಅದೇ ರೀತಿ, ಕೆಟ್ಟರೆ ತಂತ್ರಜ್ಞರು ಮನೆಗೇ ಬರುವ ಆನ್‌ಸೈಟ್ ವಾರಂಟಿ ತಮ್ಮ ತಾಲ್ಲೂಕಿನ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ, ಇಲ್ಲವೇ ಯಂತ್ರವನ್ನು ಹೊತ್ತು ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗಬೇಕೇ ಎಂಬುದನ್ನು ಕೊಳ್ಳುವ ಮೊದಲೇ ಕಂಪನಿಯ ಸಹಾಯವಾಣಿಯಲ್ಲಿ ಕೇಳಿಕೊಳ್ಳಬೇಕು.

ಕಡಿಮೆ ಬೆಲೆಯ ಅನೇಕ ಯಂತ್ರಗಳಿಗೆ ಗಂಭೀರ ವಿಮರ್ಶೆಯೇ ಇರುವುದಿಲ್ಲ. ಆಗ ಇಡೀ ಯಂತ್ರದ ವಿಮರ್ಶೆಯನ್ನು ಹುಡುಕುವ ಬದಲು ಅದರ ಭಾಗಗಳದ್ದನ್ನು ಹುಡುಕಬಹುದು: ಅದೇ ಪ್ರೊಸೆಸರ್ ಇರುವ ಬೇರೆ ಲ್ಯಾಪ್‌ಟಾಪಿನ ವೇಗದ ಅಳತೆ, ಅದೇ ಹೊರಕವಚವಿರುವ ಹಿಂದಿನ ವರ್ಷದ ಮಾದರಿಯ ಕೀಲು ಮತ್ತು ಶಾಖದ ವರದಿ ಇವೆರಡನ್ನು ಜೋಡಿಸಿದರೆ ಸಾಕಷ್ಟು ನಂಬಬಹುದಾದ ಚಿತ್ರ ದೊರೆಯುತ್ತದೆ. ಹಿಂದಿನ ವರ್ಷದ ಮಾದರಿಯ ವಿಮರ್ಶೆಗೆ ಇನ್ನೊಂದು ಲಾಭವೂ ಇದೆ, ಅದನ್ನು ಕೊಂಡವರ ದೂರುಗಳು ಅಷ್ಟರಲ್ಲಿ ಹೊರಬಂದಿರುತ್ತವೆ.

ಕೊಂಡ ನಂತರವೂ ವಿಮರ್ಶೆಯ ಉಪಯೋಗ ಮುಗಿಯುವುದಿಲ್ಲ, ವಾಸ್ತವದಲ್ಲಿ ಅಳತೆಗಳು ಅತ್ಯಂತ ನೇರವಾಗಿ ಬಳಕೆಗೆ ಬರುವುದು ಆಗಲೇ. ಆನ್‌ಲೈನ್ ತಾಣಗಳು ಬದಲಿಸಿಕೊಡುವ ಅವಧಿ ಸಾಮಾನ್ಯವಾಗಿ ಕೆಲವೇ ದಿನಗಳದ್ದಾದ್ದರಿಂದ, ಪೆಟ್ಟಿಗೆ ತೆರೆಯುವುದನ್ನು ವಿಡಿಯೊ ಮಾಡಿಟ್ಟುಕೊಂಡು, ಆ ಅವಧಿಯೊಳಗೆ ಸಿನೆಬೆಂಚ್‌ನಂಥ ಉಚಿತ ಪರೀಕ್ಷೆಯನ್ನು ಚಾರ್ಜರ್ ಜೋಡಿಸಿ ನಡೆಸಬೇಕು, ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ಎಷ್ಟು ಸ್ಲಾಟ್‌ಗಳು ಬಳಕೆಯಲ್ಲಿವೆ ಎಂದು ನೋಡಬೇಕು, ವಿಂಡೋಸ್ ತಾನೇ ಸಿದ್ಧಪಡಿಸುವ ಬ್ಯಾಟರಿ ವರದಿಯಲ್ಲಿ ಪೂರ್ಣ ಚಾರ್ಜ್ ಆದಾಗಿನ ಸಾಮರ್ಥ್ಯ ಮೂಲ ಸಾಮರ್ಥ್ಯಕ್ಕೆ ಹತ್ತಿರವಿದೆಯೇ ಎಂದು ಪರಿಶೀಲಿಸಬೇಕು. ವೇಗದ ಪರೀಕ್ಷೆಯ ಅಂಕ ವಿಮರ್ಶೆಯಲ್ಲಿದ್ದುದಕ್ಕಿಂತ ತುಸು ಕಡಿಮೆ ಬಂದರೆ ಕೋಣೆಯ ಉಷ್ಣತೆಯನ್ನೂ, ವೇಗ ಮುಖ್ಯವೋ ವಿದ್ಯುತ್ ಉಳಿತಾಯ ಮುಖ್ಯವೋ ಎಂದು ಆರಿಸುವ ಪವರ್ ಮೋಡ್ ಅನ್ನೂ ಮೊದಲು ಶಂಕಿಸಬೇಕು. ಪವರ್ ಮೋಡ್ ಬದಲಿಸಿ ಮತ್ತೆ ನಡೆಸಿದಾಗಲೂ ಬಹಳ ಕಡಿಮೆಯೇ ಬಂದರೆ, ಆ ಫಲಿತಾಂಶದ ಚಿತ್ರದೊಂದಿಗೆ ಬದಲಿ ಪ್ರತಿಗಾಗಿ ಅಂದೇ ದೂರು ದಾಖಲಿಸಬೇಕು.